ಸೀಗೆ ಹುಣ್ಣಿಮೆಗೆ ಚಕ್ಕಡಿ ಹೂಡದ ವರ್ಷ

ಸಾರಂಗನ ಮೈಮೇಲಿನ ಗಂಟು ಮೊದಲು ಕಣ್ಣಿಗೆ ಬಿದ್ದದ್ದು ಅತ್ತಿಗೆಗೆ. ನಸುಕಿನಲ್ಲಿ ಸಗಣಿ ಬಾಚಲು ಹೋದವರಿಗೆ ಎತ್ತಿನ ಪಕ್ಕೆಯ ಮೇಲೆ ಅಲ್ಲಲ್ಲಿ ಕೂದಲು ನಿಮಿರಿ ನಿಂತಿರುವುದು ಕಂಡಿತು. ಕೈಯಾಡಿಸಿದರೆ ಅಡಿಯಲ್ಲಿ ಗಟ್ಟಿಯಾಗಿ ಏನೋ ಹತ್ತಿತು. ಹಿಂದಿನ ರಾತ್ರಿ ಹಾಕಿದ್ದ ಕಣಿಕೆ ಗೋದಲಿಯಲ್ಲಿ ಹಾಗೆಯೇ ಉಳಿದಿತ್ತು. ಅವರು ಯಾರನ್ನೂ ಕೂಗಲಿಲ್ಲ. ಒಳಗೆ ಬಂದು ಅಣ್ಣನನ್ನು ಎಬ್ಬಿಸಿ, ಬ್ಯಾಟರಿ ಹಿಡಿದುಕೊಂಡು ಮತ್ತೆ ದನದ ಮನೆಗೆ ಹೋದರು. ಅಷ್ಟರಲ್ಲಿ ನನಗೂ ಎಚ್ಚರವಾಗಿತ್ತು.

ಅದು 2022ರ ಅಕ್ಟೋಬರ್. ಆ ವರ್ಷ ಸೀಗೆ ಹುಣ್ಣಿಮೆ 9ನೇ ತಾರೀಖು ಭಾನುವಾರ ಬಂದಿತ್ತು. ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕೆಂದು, ಅಂದರೆ ಭೂತಾಯಿಗೆ ಹಬ್ಬದ ಅಡುಗೆಯ ಎಡೆ ಅರ್ಪಿಸಬೇಕೆಂದು, ನಾನು ಹುಬ್ಬಳ್ಳಿಯಿಂದ ಶುಕ್ರವಾರವೇ ತವರಿಗೆ ಬಂದಿದ್ದೆ. ನಮ್ಮದು ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕು. ಹೊರಗಿನವರಿಗೆ ಸವಣೂರು ಎಂದರೆ ದೊಡ್ಡಹುಣಸೆ ಮರ ಮತ್ತು ವೀಳ್ಯದೆಲೆ. ನನಗೆ ಎರೆಹೊಲ, ಅಣ್ಣ ಮತ್ತು ಅವನ ಒಂದು ಜೋಡಿ ಎತ್ತು. ಸಾರಂಗ ಮತ್ತು ಚೆನ್ನ ಇಬ್ಬರೂ ಹೋರಿಗರುಗಳಾಗಿದ್ದಾಗಲೇ ನಮ್ಮ ಮನೆಗೆ ಬಂದವರು, ಒಂದೇ ಗೋದಲಿಯಲ್ಲಿ ತಿಂದು ಬೆಳೆದವರು.

ಚರ್ಮಗಂಟು ರೋಗದ ಸುದ್ದಿ ನಮಗೆ ಹೊಸದಾಗಿರಲಿಲ್ಲ. ಮಳೆಗಾಲದ ನಡುವಿನಿಂದ ಟಿ.ವಿ.ಯಲ್ಲಿ ರಾಜಸ್ಥಾನದ, ಗುಜರಾತಿನ ದನಗಳ ಹೆಣಗಳನ್ನು ನೋಡಿದ್ದೆವು. ಅವ್ವ ಆ ಸುದ್ದಿ ಬಂದಾಗಲೆಲ್ಲ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ನಮ್ಮ ಜಿಲ್ಲೆಗೂ ಅದು ಕಾಲಿಟ್ಟ ಮೇಲೆ ದನದ ಸಂತೆಗಳನ್ನು ನಿಲ್ಲಿಸಿದ್ದರು. ಊರಿನಲ್ಲಿ ನಾಲ್ಕಾರು ಮನೆಗಳ ದನಗಳಿಗೆ ಆಗಲೇ ಗಂಟು ಬಂದಿದ್ದವು. ಲಸಿಕೆ ಹಾಕುವವರು ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ.

ಪಶುವೈದ್ಯರು ಶನಿವಾರ ಮಧ್ಯಾಹ್ನ ಬಂದರು. ಒಬ್ಬರೇ ವೈದ್ಯರು ಎಷ್ಟೋ ಹಳ್ಳಿ ತಿರುಗಬೇಕಾಗಿದ್ದ ದಿನಗಳವು. ಅವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಜ್ವರ ನೋಡಿದರು, 105 ಡಿಗ್ರಿ. ಹೆಗಲ ಮುಂದಿನ ಮಡಿಕೆಯೊಳಗೆ ಬೆರಳು ತೂರಿಸಿ ಉಬ್ಬಿದ ಗ್ರಂಥಿಯನ್ನು ಅಣ್ಣನ ಕೈಗೂ ಮುಟ್ಟಿಸಿದರು. ಮೊಬೈಲಿನ ಬೆಳಕನ್ನು ನೇರವಾಗಿ ಬಿಡದೆ ಬದಿಯಿಂದ ಬಿಟ್ಟಾಗ, ನಾವು ಹತ್ತಿಪ್ಪತ್ತು ಅಂದುಕೊಂಡಿದ್ದ ಗಂಟುಗಳು ಕುತ್ತಿಗೆಯಿಂದ ತೊಡೆಯವರೆಗೆ ನೆರಳು ಚೆಲ್ಲಿ ಎದ್ದು ಕಂಡವು. ಮುಂಗಾಲು ಬಾತಿತ್ತು. ಗಂಗೆದೊಗಲು ನೀರು ತುಂಬಿ ಜೋತಿತ್ತು.

‘ಇದು ವೈರಸ್. ಇದನ್ನೇ ಕೊಲ್ಲುವ ಔಷಧ ಇಲ್ಲ’ ಎಂದು ಅವರು ಮೊದಲೇ ಹೇಳಿಬಿಟ್ಟರು. ಜ್ವರಕ್ಕೆ, ನೋವಿಗೆ ಇಂಜೆಕ್ಷನ್, ಗಂಟು ಒಡೆದು ಕೀವಾಗದಂತೆ ಆ್ಯಂಟಿಬಯೋಟಿಕ್, ಉಳಿದದ್ದು ಆರೈಕೆ. ಮನುಷ್ಯರಿಗೆ ಇದು ಅಂಟುವುದಿಲ್ಲ, ಕಾಯಿಸಿದ ಹಾಲನ್ನು ಹೆದರದೆ ಕುಡಿಯಬಹುದು ಎಂದೂ ಹೇಳಿದರು. ಓಣಿಯಲ್ಲಿ ಆಕಳ ಹಾಲನ್ನು ಚೆಲ್ಲುತ್ತಿದ್ದವರು ಅದನ್ನು ಕೇಳಿಸಿಕೊಂಡದ್ದು ಒಳ್ಳೆಯದೇ ಆಯಿತು.

ಅಣ್ಣ ಕೇಳಿದ ಪ್ರಶ್ನೆ ಒಂದೇ. ‘ಸಾಹೇಬರೇ, ನನ್ನ ಎತ್ತು ಈ ತಿಂಗಳು ಊರ ಹೊರಗೆ ಹೋಗಿಲ್ಲ, ಬೇರೆ ಎತ್ತಿನ ಜೊತೆ ಹೂಡಿಲ್ಲ. ಎಲ್ಲಿಂದ ಬಂತು ಇದಕ್ಕೆ?’

ವೈದ್ಯರು ಸಾರಂಗನ ಕಾಲ ಕಡೆ ಕೈ ತೋರಿಸಿದರು. ಎತ್ತು ಮುಂಗಾಲನ್ನು ಮತ್ತೆ ಮತ್ತೆ ನೆಲಕ್ಕೆ ಬಡಿಯುತ್ತಿತ್ತು. ಬಗ್ಗಿ ನೋಡಿದೆ. ಮೊಣಕಾಲಿನ ಕೆಳಗೆ ಬೂದು ಬಣ್ಣದ ನೊಣಗಳು, ತಲೆ ಮೇಲೆ ಮಾಡಿ ಕುಳಿತಿದ್ದವು. ಮನೆಯ ನೊಣದ್ದೇ ಗಾತ್ರ, ಆದರೆ ಬಾಯಿಯ ಜಾಗದಲ್ಲಿ ಸೂಜಿಯಂಥ ಕೊಂಡಿ. ಅದು ನೆಕ್ಕುವ ನೊಣವಲ್ಲ, ರಕ್ತ ಹೀರುವ ನೊಣ. ಎತ್ತು ಕಾಲು ಬಡಿದಾಗ ಅರೆಹೊಟ್ಟೆಯಲ್ಲೇ ಎದ್ದು ಪಕ್ಕದ ದನದ ಮೇಲೆ ಕೂರುತ್ತದೆ. ಬಾಯಿಗೆ ಹತ್ತಿದ ರಕ್ತವನ್ನು ಅಲ್ಲಿ ದಾಟಿಸುತ್ತದೆ. ಸೊಳ್ಳೆ, ಉಣ್ಣೆಗಳೂ ಇದೇ ಕೆಲಸ ಮಾಡುತ್ತವೆ. ದನಗಳೇ ಲಾರಿ ಹತ್ತಿ ಹೋದಾಗ ರೋಗ ಜಿಲ್ಲೆಯಿಂದ ಜಿಲ್ಲೆಗೆ ಹಾರುತ್ತದೆ. ಊರೊಳಗೆ ಬಂದ ಮೇಲೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅದನ್ನು ಹೊತ್ತು ತಿರುಗುವುದು ಈ ಹುಳುಗಳು. ಸಂತೆ ಬಂದ್ ಮಾಡಿದರೂ ಅಣ್ಣನ ಎತ್ತಿಗೆ ರೋಗ ಬಂದದ್ದು ಹೀಗೆ. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡ ರೋಗ, 2019ರಲ್ಲಿ ಒಡಿಶಾಕ್ಕೆ ಬಂದು, ಮೂರೇ ವರ್ಷಕ್ಕೆ ನಮ್ಮ ಗೋದಲಿಯವರೆಗೆ ನಡೆದು ಬಂದಿತ್ತು.

ನೊಣ ಹುಟ್ಟುವ ಜಾಗವೂ ನಮ್ಮ ಮನೆಯಲ್ಲೇ ಇತ್ತು. ಗಂಜಲದಲ್ಲಿ ನೆನೆದ ಹುಲ್ಲು, ಸಗಣಿ ಕಲಸಿದ ಕಣಿಕೆಯ ಚೂರು ಕೊಳೆಯುವಲ್ಲಿ ಅದು ಮೊಟ್ಟೆಯಿಡುತ್ತದೆ. ನಮ್ಮ ಕಡೆ ತಿಪ್ಪೆ ದನದ ಮನೆಗೆ ತಾಗಿಕೊಂಡೇ ಇರುತ್ತದೆ. ಇರುವ ನಾಲ್ಕು ಅಂಕಣದ ಜಾಗದಲ್ಲಿ ದನ, ಜನ, ತಿಪ್ಪೆ, ಕಟ್ಟಿಗೆ ಎಲ್ಲವೂ ಇರಬೇಕು. ‘ರೋಗಿ ಎತ್ತನ್ನು ಬೇರೆ ಕಟ್ಟಿ’ ಎಂದು ಕರಪತ್ರದಲ್ಲಿ ಅಚ್ಚು ಹಾಕುವುದು ಸುಲಭ. ಬೇರೆ ಎಂದರೆ ಎಲ್ಲಿ ಎಂಬುದನ್ನು ಪ್ರತಿ ಮನೆಯವರೂ ತಾವೇ ಹುಡುಕಿಕೊಳ್ಳಬೇಕು. ನಮಗೆ ಊರಾಚೆಯ ಕಣದಲ್ಲೊಂದು ತಗಡಿನ ಚಪ್ಪರವಿತ್ತು. ಅದೂ ಇಲ್ಲದವರು ಮನೆಯ ಮುಂದಿನ ರಸ್ತೆಯ ಬದಿಗೆ ಗೂಟ ಹೊಡೆದರು.

ಸಾರಂಗನನ್ನು ಕಣ್ಣಿ ಬಿಚ್ಚಿ ಹೊರಗೆ ಹೊರಡಿಸಿದಾಗ ಚೆನ್ನ ಕೂಗಿದ. ಎತ್ತು ಹಾಗೆ ಕೂಗುವುದು ಕಡಿಮೆ. ಇಡೀ ಮಧ್ಯಾಹ್ನ ಬಾಗಿಲ ಕಡೆ ಮುಖ ಮಾಡಿ, ಕೂಗಿ ಕೂಗಿ, ನೀರು ಕೂಡ ಕುಡಿಯಲಿಲ್ಲ. ಅವನಿಗೆ ವೈದ್ಯರು ಲಸಿಕೆ ಹಾಕಿದರು, ಆದರೆ ಭರವಸೆ ಕೊಡಲಿಲ್ಲ. ವೈರಸ್ ಆಗಲೇ ಒಳಹೊಕ್ಕಿದ್ದರೆ ಲಸಿಕೆ ತಡೆಯಲಾರದು. ಹೊಕ್ಕಿಲ್ಲದಿದ್ದರೂ ಮೈಯಲ್ಲಿ ಶಕ್ತಿ ಕೂಡಿಕೊಳ್ಳಲು ಮೂರು ವಾರವಾದರೂ ಬೇಕು.

ಅದು ಆಡಿನ ಸಿಡುಬಿಗೆ ಹಾಕುವ ಲಸಿಕೆ ಎಂದು ತಿಳಿದಾಗ ಓಣಿಯಲ್ಲಿ ಗುಸುಗುಸು ಎದ್ದಿತು. ಆಡಿನದ್ದನ್ನು ಎತ್ತಿಗೆ ಚುಚ್ಚುವುದು ಎಂದರೇನು ಎಂದು ಹಿಂದಿನ ಮನೆಯ ಕಾಕಾ ತಮ್ಮ ಆಕಳನ್ನು ಒಳಗೆ ಕಟ್ಟಿಕೊಂಡು ಬಾಗಿಲು ಹಾಕಿಕೊಂಡರು. ವೈದ್ಯರು ಸಿಟ್ಟು ಮಾಡಲಿಲ್ಲ. ಆಡಿನ ಸಿಡುಬು, ಕುರಿಯ ಸಿಡುಬು, ದನದ ಈ ಗಂಟು ರೋಗ ಮೂರೂ ಒಂದೇ ಕುಲದ ವೈರಸ್. ಒಂದಕ್ಕೆ ಮಾಡಿದ ಲಸಿಕೆ ಇನ್ನೊಂದನ್ನು ತಕ್ಕಮಟ್ಟಿಗೆ ತಡೆಯುತ್ತದೆ ಎಂದು ಬಾಗಿಲ ಹೊರಗೆ ನಿಂತೇ ವಿವರಿಸಿದರು. ಹರಿಯಾಣದ ಹಿಸ್ಸಾರ್ ಮತ್ತು ಉತ್ತರ ಪ್ರದೇಶದ ಇಜ್ಜತ್‌ನಗರದ ಪಶು ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ಈ ರೋಗಕ್ಕೆಂದೇ ರೂಪಿಸಿದ ಲಸಿಕೆ ಅದೇ ಆಗಸ್ಟ್‌ನಲ್ಲಿ ಬಿಡುಗಡೆಯಾಗಿತ್ತು; ಅದು ಹಳ್ಳಿಯ ಐಸ್ ಪೆಟ್ಟಿಗೆಗೆ ಇನ್ನೂ ಬಂದಿರಲಿಲ್ಲ. ಕಾಕಾ ಕೊನೆಗೂ ಬಾಗಿಲು ತೆರೆದರು. ಪ್ರತಿ ದನಕ್ಕೂ ವೈದ್ಯರು ಹೊಸ ಸೂಜಿ ಬಳಸುತ್ತಿದ್ದುದನ್ನು ಅವ್ವ ಪಕ್ಕದಲ್ಲೇ ನಿಂತು ನೋಡಿದಳು. ಸೂಜಿ ಬದಲಿಸದಿದ್ದರೆ ನೊಣ ಮಾಡುವ ಕೆಲಸವನ್ನು ನಾವೇ ಮಾಡಿದಂತೆ ಎಂದು ಅವರು ಹೇಳಿದ ಮಾತು ಅವಳ ಮನಸ್ಸಿನಲ್ಲಿ ನಿಂತಿತು.

ಅವ್ವನ ಬಗ್ಗೆ ಹೇಳಲೇಬೇಕು. ಸಾರಂಗನ ಮೈ ನೋಡಿದ ಕೂಡಲೇ ಅವಳು ‘ಅಮ್ಮ ಬಂದಿದ್ದಾಳೆ’ ಅಂದಳು. ಚಿಕ್ಕವರಿದ್ದಾಗ ನಮಗೆ ಮೈಮೇಲೆ ಗುಳ್ಳೆ ಎದ್ದಾಗಲೂ ಹೀಗೇ ಅಂದಿದ್ದಳು. ಕಣದ ಚಪ್ಪರಕ್ಕೆ ಬೇವಿನ ಸೊಪ್ಪು ಕಟ್ಟಿದಳು. ಚಪ್ಪರದೊಳಗೆ ಕಾಲಿಡುವವರು ಒಬ್ಬರೇ ಇರಬೇಕು, ಅವರು ಕೈಕಾಲು ತೊಳೆಯದೆ ಇನ್ನೊಂದು ದನವನ್ನು ಮುಟ್ಟಬಾರದು, ಬೇರೆ ಮನೆಗೆ ಹೋಗಬಾರದು, ಇಲ್ಲಿಯ ಬಕೆಟ್ಟು, ಹಗ್ಗ ಅಲ್ಲಿಗೆ ಹೋಗಬಾರದು ಎಂದು ಅಪ್ಪಣೆ ಮಾಡಿದಳು. ವೈದ್ಯರ ಕರಪತ್ರವನ್ನು ನಾನು ಓದಿ ಹೇಳುವ ಮೊದಲೇ ಅದರಲ್ಲಿದ್ದ ಅರ್ಧ ಕೆಲಸಗಳು ನಮ್ಮ ಮನೆಯಲ್ಲಿ ನಡೆಯುತ್ತಿದ್ದವು. ಸಿಡುಬಿನ ಕಾಲವನ್ನು ಕಂಡ ತನ್ನ ತಾಯಿಯಿಂದ ಅವಳು ಇದನ್ನೆಲ್ಲ ಕಲಿತಿದ್ದಳು. ಈ ವೈರಸ್ಸೂ ಆ ಸಿಡುಬಿನ ದೊಡ್ಡ ಬಳಗಕ್ಕೇ ಸೇರಿದ್ದು.

ಅದೇ ಸಂಜೆ ಊರ ಹಿರಿಯರು ಕಟ್ಟೆಯ ಮೇಲೆ ಕೂಡಿದರು. ಮರುದಿನ ಹುಣ್ಣಿಮೆ, ಊರಿನ ದನಗಳನ್ನೆಲ್ಲ ದ್ಯಾಮವ್ವನ ಗುಡಿ ಸುತ್ತು ಹಾಕಿಸಿ ತೀರ್ಥ ಚಿಮುಕಿಸಬೇಕು ಎಂಬ ಮಾತು ಬಂತು. ನನಗೆ ಎದೆ ಧಸಕ್ಕೆಂದಿತು. ರೋಗದ ದನ, ರೋಗವಿಲ್ಲದ ದನ ಎಲ್ಲವೂ ಒಂದೇ ಅಂಗಳದಲ್ಲಿ ಮೈಗೆ ಮೈ ತಾಗಿಸಿ ನಿಂತರೆ ನೊಣಗಳಿಗೆ ಅದಕ್ಕಿಂತ ಅನುಕೂಲ ಬೇರೇನಿದೆ? ಅಣ್ಣ ಹೋಗಿ ವೈದ್ಯರ ಮಾತನ್ನು ಹೇಳಿದ, ಯಾರೂ ಕಿವಿಗೊಡಲಿಲ್ಲ. ಆಗ ಅವ್ವ ಸೆರಗು ಸರಿಮಾಡಿಕೊಂಡು ಕಟ್ಟೆಯ ಬಳಿ ನಿಂತಳು. ‘ಅಮ್ಮ ಬಂದ ಮನೆಯವರು ಗುಡಿಯ ಮೆಟ್ಟಿಲು ಹತ್ತುತ್ತಾರೇನು? ನಮ್ಮ ಹಿರಿಯರು ಹತ್ತಿದ್ದರೇ? ತಾಯಿ ಮನೆಗೇ ಬಂದಿರುವಾಗ ಮನೆಯಲ್ಲೇ ಕೈ ಮುಗಿಯಬೇಕು. ತೀರ್ಥವನ್ನು ಪೂಜಾರಪ್ಪ ಮನೆಮನೆಗೆ ಕಳಿಸಲಿ’ ಅಂದಳು. ಪೂಜಾರಿಯೇ ಮೊದಲು ತಲೆಯಾಡಿಸಿದರು. ದನಗಳು ಮನೆಯಲ್ಲೇ ಉಳಿದವು. ಊರಿನಲ್ಲಿ ಎಷ್ಟೋ ದನ ಉಳಿದದ್ದರಲ್ಲಿ ಅವ್ವನ ಆ ನಾಲ್ಕು ಮಾತಿನ ಪಾಲೂ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಭಾನುವಾರ ಚರಗಕ್ಕೆ ಪಕ್ಕದವರ ಟ್ರ್ಯಾಕ್ಟರಿನಲ್ಲಿ ಹೋದೆವು. ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಇದ್ದವು. ಅಣ್ಣ ಬರಲಿಲ್ಲ. ಅವನು ಕಣದಲ್ಲಿ ಕುಳಿತು ಹತ್ತು ವೀಳ್ಯದೆಲೆ, ಹತ್ತು ಗ್ರಾಂ ಮೆಣಸು, ಹತ್ತು ಗ್ರಾಂ ಉಪ್ಪು ಅರೆದು ಬೆಲ್ಲ ಸೇರಿಸಿ ಮೂರು ಮೂರು ತಾಸಿಗೆ ಸಾರಂಗನ ನಾಲಿಗೆಗೆ ಸವರುತ್ತಿದ್ದ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ರೈತರಿಗೆ ಹಂಚಿದ್ದ ನಾಟಿ ಔಷಧದ ಕ್ರಮ ಅದು. ವೈದ್ಯರ ಇಂಜೆಕ್ಷನ್ನಿನ ಜೊತೆಗೆ ಇದನ್ನೂ ಮಾಡಿದೆವು, ಅದರ ಬದಲಿಗೆ ಅಲ್ಲ. ಸವಣೂರಿನಲ್ಲಿ ಎಲೆಗೆ ಬರವೇ? ಬಾಯೊಳಗೂ ಹುಣ್ಣಾಗಿದ್ದರಿಂದ ಎತ್ತು ಕಣಿಕೆ ಅಗಿಯಲಾರದು. ಅತ್ತಿಗೆ ಗೋವಿನಜೋಳದ ಎಳೆಯ ಗರಿಯನ್ನು ಬೆರಳುದ್ದ ಕತ್ತರಿಸಿ ತಿನ್ನಿಸುತ್ತಿದ್ದರು, ಅಂಬಲಿ ಕುಡಿಸುತ್ತಿದ್ದರು. ರಾತ್ರಿ ಕುಳ್ಳಿನ ಮೇಲೆ ಬೇವಿನ ಸೊಪ್ಪು ಹಾಕಿ ಹೊಗೆ. ಚೆನ್ನನಿಗೆ ನನ್ನ ಬಾಣಂತನದ ಕಾಲದ ದೊಡ್ಡ ಸೊಳ್ಳೆಪರದೆ. ತಿಪ್ಪೆಯನ್ನು ಊರ ಹುಡುಗರು ಸೇರಿ ಹೊಲಕ್ಕೆ ಹೇರಿದರು.

ನಾನು ಹುಬ್ಬಳ್ಳಿಗೆ ಮರಳಿದ ಮೇಲೆ ಮೇಲಿನ ಓಣಿಯವರ ಎತ್ತು ಸತ್ತಿತು. ಜೆಸಿಬಿ ತರಿಸಿ ಆಳವಾಗಿ ಗುಂಡಿ ತೋಡಿ, ಸುಣ್ಣ, ಉಪ್ಪು ಹಾಕಿ ಹೂಳಿದರು. ಸರ್ಕಾರ ಸತ್ತ ಎತ್ತಿಗೆ 30 ಸಾವಿರ, ಆಕಳಿಗೆ 20 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಿಸಿತ್ತು. ಇಲ್ಲದ್ದಕ್ಕಿಂತ ಒಳ್ಳೆಯದು, ನಿಜ. ಆದರೆ ಉಳುವ ಒಳ್ಳೆಯ ಜೋಡಿಗೆ ಲಕ್ಷ ದಾಟುತ್ತದೆ, ಮೇಲಾಗಿ ಒಂಟಿ ಎತ್ತಿನಿಂದ ಕೂರಿಗೆ ಹೂಡಲಾಗದು. ಹಿಂಗಾರಿ ಕಡಲೆ ಬಿತ್ತುವ ಹೊತ್ತಿಗೆ ಆ ಮನೆಯವರು ಬಾಡಿಗೆಗೆ ಎತ್ತು ಹುಡುಕಿದರೆ, ಕೊಡುವವರೇ ಇರಲಿಲ್ಲ. ಯಾರೂ ತಮ್ಮ ಎತ್ತನ್ನು ಇನ್ನೊಂದು ಕೊಟ್ಟಿಗೆಗೆ ಕಳಿಸುವ ಸ್ಥಿತಿಯಲ್ಲಿರಲಿಲ್ಲ. ದನ ಉಳಿದವರ ಹೊಲವೂ ಆ ವರ್ಷ ತಡವಾಗಿಯೇ ಬಿತ್ತನೆ ಕಂಡಿತು.

ಸಾರಂಗ ಉಳಿದ. ಗಂಟುಗಳು ಒಣಗಿ, ಬಿಲ್ಲೆ ಬಿಲ್ಲೆಯಾಗಿ ಕಳಚಿ ಬಿದ್ದು, ಅಡಿಯಲ್ಲಿ ಹಸಿ ಗುಳಿಗಳು ಉಳಿದಿದ್ದವು. ಬಿದ್ದ ಹಕ್ಕಳೆಯಲ್ಲೂ ವೈರಸ್ ತಿಂಗಳಿಗೂ ಹೆಚ್ಚು ಕಾಲ ಬದುಕಿರಬಲ್ಲದು ಎಂದು ವೈದ್ಯರು ಹೇಳಿದ್ದರಿಂದ ಅಣ್ಣ ಅವನ್ನು ಆರಿಸಿ ಸುಡುತ್ತಿದ್ದ. ಗುಳಿಗಳಿಗೆ ಬೇವು, ಅರಿಸಿನ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹಚ್ಚಿದರು. ಚೆನ್ನನ ಮೈಮೇಲೆ ಒಂದೂ ಗಂಟು ಏಳಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ, ಮಳೆ ಬೀಳುವ ಮೊದಲೇ, ಅವ್ವ ಅಣ್ಣನನ್ನು ಪಶು ಆಸ್ಪತ್ರೆಗೆ ಅಟ್ಟಿದಳು. ಲಸಿಕೆ ಹಾಕಬೇಕಾದದ್ದು ಆಗಲೇ. ನೊಣ, ಸೊಳ್ಳೆ ಏಳುವುದರೊಳಗೆ ದನದ ಮೈ ಸಿದ್ಧವಾಗಿರಬೇಕು, ಗಂಟು ಕಂಡ ಮೇಲೆ ಓಡಾಡಿದರೆ ಬಹಳ ತಡ. ಓಣಿಯ ದನಗಳಿಗೆಲ್ಲ ಒಂದೇ ದಿನ ಹಾಕಿಸಬೇಕೆಂದು ಅವಳು ಮನೆಮನೆಗೆ ಹೋಗಿ ಹೇಳಿ ಬಂದಳು. ಲಸಿಕೆಯವರು ಬಂದಾಗ ಎಲ್ಲರಿಗಿಂತ ಮುಂಚೆ ಆಕಳನ್ನು ಹೊರಗೆ ತಂದು ಕಟ್ಟಿದವರು ಹಿಂದಿನ ಮನೆಯ ಕಾಕಾ. ‘ಸೂಜಿ ಹೊಸದು ತಾನೇ?’ ಎಂದು ಅವರೇ ಕೇಳಿದರಂತೆ.