ಗೊತ್ತಿದ್ದನ್ನೇ ಎಷ್ಟು ಸಲ ನೋಡ್ತೀಯ ಮಾವ?

ಮನೆಗೆ ಬಂದವರು ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ಕೂತರೆ ಎದುರಿಗೇ ಕಾಣುವುದು ಗಾಜಿನ ಬಾಗಿಲಿನ ಬೀರು. ಮೇಲಿನ ಎರಡು ಸಾಲು ಪುಸ್ತಕ, ಕೆಳಗಿನ ಮೂರು ಸಾಲು ಸಿನಿಮಾ ಡಿಸ್ಕ್‌ಗಳು, ಡಿವಿಡಿ ಮತ್ತು ಬ್ಲೂ-ರೇ. ಅದರಲ್ಲಿ ಒಂದಿಡೀ ಸಾಲು ಸೂಪರ್‌ಹೀರೊಗಳದ್ದು. "ಇವೆಲ್ಲಾ ಫೋನಲ್ಲೇ ಸಿಗುತ್ತಲ್ವಾ?" ಎಂದು ಒಬ್ಬರು ಕೇಳುತ್ತಾರೆ. "ಇದನ್ನೆಲ್ಲ ಇನ್ನೂ ನೋಡ್ತೀರಾ?" ಎಂದು ಇನ್ನೊಬ್ಬರು. ಅಕ್ಕನ ಮಗ ಎರಡನ್ನೂ ಸೇರಿಸಿ ಕೇಳಿದ: "ಸೂಪರ್‌ಹೀರೊ ಸಿನಿಮಾ ತಾನೆ, ಕೊನೆಗೆ ಗೆಲ್ಲೋನು ಅವನೇ. ಗೊತ್ತಿದ್ದನ್ನೇ ಎಷ್ಟು ಸಲ ನೋಡ್ತೀಯ ಮಾವ?"

ಅವತ್ತು ಅವನಿಗೆ ಬಸ್ಸಿಗೆ ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಗೆಲ್ಲುವವನು ಅವನೇ ಎಂಬುದು ಮೊದಲ ಸಲ ನೋಡುವಾಗಲೂ ಗೊತ್ತಿತ್ತಲ್ಲ! ಪತ್ತೇದಾರಿ ಸಿನಿಮಾದಲ್ಲಿ ಕೊಲೆಗಾರ ಯಾರೆಂದು ತಿಳಿದ ಮೇಲೆ ಸ್ವಲ್ಪ ರುಚಿ ಹೋಗುತ್ತದೆ, ಒಪ್ಪುತ್ತೇನೆ. ಸೂಪರ್‌ಹೀರೊ ಸಿನಿಮಾದಲ್ಲಿ ಹಾಗೆ ಬಚ್ಚಿಟ್ಟದ್ದು ಏನೂ ಇಲ್ಲ. 'ಮುಂದೇನು' ಎನ್ನುವ ಆತುರ ಒಂದು ಸಲ ಇಳಿದುಹೋದ ಮೇಲೆಯೇ ಅದನ್ನು ಮಾಡಿದವರ ಕೈ ಕಾಣಲು ಶುರುವಾಗುತ್ತದೆ. ನನಗೆ ಬೇಕಾದದ್ದು ಅದು.

1978ರ 'ಸೂಪರ್‌ಮ್ಯಾನ್' ತೆಗೆದುಕೊಳ್ಳಿ. ರಿಚರ್ಡ್ ಡಾನರ್ ನಿರ್ದೇಶನ, ಕ್ರಿಸ್ಟೋಫರ್ ರೀವ್ ನಾಯಕ. ಅದರಲ್ಲಿ ನಾಯಕಿ ಲೋಯಿಸ್ ಮನೆಯ ಒಂದು ದೃಶ್ಯವಿದೆ. ಸೂಪರ್‌ಮ್ಯಾನ್ ಅವಳನ್ನು ಆಕಾಶದಲ್ಲಿ ಸುತ್ತಾಡಿಸಿ ಬಿಟ್ಟು ಹೋಗಿದ್ದಾನೆ. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ಕನ್ನಡಕ ಹಾಕಿಕೊಂಡು ಸಾಧಾರಣ ಮನುಷ್ಯ ಕ್ಲಾರ್ಕ್ ಕೆಂಟ್ ಆಗಿ ಬಾಗಿಲು ಬಡಿಯುತ್ತಾನೆ. ಇಬ್ಬರೂ ಒಬ್ಬನೇ ಎಂದು ಅವಳಿಗೆ ಗೊತ್ತಿಲ್ಲ. ಅವಳು ಒಳಗೆ ಹೋದಾಗ, ಬೆನ್ನ ಹಿಂದೆ ಅವನು ಕನ್ನಡಕ ತೆಗೆಯುತ್ತಾನೆ. ಗೂನು ಬೆನ್ನು ನೆಟ್ಟಗಾಗುತ್ತದೆ, ಹೆಗಲು ಅಗಲವಾಗುತ್ತದೆ, ದನಿ ಇಳಿದು ಗಟ್ಟಿಯಾಗುತ್ತದೆ. ನಿಜ ಹೇಳಿಬಿಡಬೇಕು ಎಂದು ಬಾಯಿ ತೆರೆದವನಿಗೆ ಧೈರ್ಯ ಸಾಲುವುದಿಲ್ಲ. ಕನ್ನಡಕ ಮತ್ತೆ ಮೂಗಿಗೇರುತ್ತದೆ, ಆಳು ಕುಗ್ಗಿ ಕ್ಲಾರ್ಕ್ ಆಗುತ್ತಾನೆ. ಅಲ್ಲಿ ಯಾವ ತಂತ್ರವೂ ಇಲ್ಲ, ಒಬ್ಬ ನಟನ ಮೈ ಅಷ್ಟೇ. ಮೊದಲ ಸಲ ನೋಡಿದಾಗ ನಾನು ಮುಖ ನೋಡಿದ್ದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಭುಜ ನೋಡಿದೆ. ಇತ್ತೀಚೆಗೆ ನೋಡುವುದು ಕೈ: ಕನ್ನಡಕ ಹಿಡಿದ ಆ ಕೈಗೆ, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದ ಒಂದು ಕ್ಷಣವಿದೆ.

ಅದೇ ಸಿನಿಮಾದಲ್ಲಿ ಅವನು ಹಾರುವ ದೃಶ್ಯಗಳಿಗೆ ಕಂಪ್ಯೂಟರ್ ಇರಲಿಲ್ಲ. ಜೋರಾನ್ ಪೆರಿಸಿಚ್ ಎಂಬ ತಂತ್ರಜ್ಞ ನಟನ ಹಿಂದಿನ ಪರದೆಯ ಮೇಲೆ ಆಕಾಶ ಮೂಡಿಸುವ ಪ್ರೊಜೆಕ್ಟರಿಗೂ ಕ್ಯಾಮೆರಾಕ್ಕೂ ಜೂಮ್ ಲೆನ್ಸ್ ಹಾಕಿ ಎರಡನ್ನೂ ಜೊತೆಗೂಡಿಸಿದ. ಪರದೆಯ ಮೇಲಿನ ಆಕಾಶ ಎಷ್ಟು ಚಿಕ್ಕದಾಗುತ್ತದೋ ಅಷ್ಟೇ ಲೆಕ್ಕದಲ್ಲಿ ಕ್ಯಾಮೆರಾ ಅದನ್ನು ಹಿಗ್ಗಿಸುತ್ತದೆ. ಹಾಗಾಗಿ ಹಿನ್ನೆಲೆ ಇದ್ದಷ್ಟೇ ಇರುತ್ತದೆ, ನಡುವೆ ತೂಗುಬಿದ್ದ ನಟ ಮಾತ್ರ ದೊಡ್ಡವನಾಗುತ್ತಾ ನಮ್ಮ ಕಡೆಗೆ ಹಾರಿ ಬಂದಂತೆ ಕಾಣುತ್ತಾನೆ. ಇದನ್ನು ತಿಳಿದುಕೊಂಡ ಮೇಲೆ ಆ ದೃಶ್ಯದ ಬೆರಗು ಕಡಿಮೆಯಾಗುತ್ತದೆಯೇ? ನನಗೆ ದುಪ್ಪಟ್ಟಾಯಿತು. ಒಂದೇ ಕಡೆ ತೂಗುತ್ತಿರುವ ರೀವ್, ಗಾಳಿಯಲ್ಲಿ ತಿರುಗುವವನ ಹಾಗೆ ಸೊಂಟ ತಿರುಗಿಸುವುದನ್ನು ಈಗ ಗಮನಿಸುತ್ತೇನೆ. ಆ ಹಾರಾಟವನ್ನು ನಿಜ ಮಾಡುತ್ತಿರುವುದು ಅವನ ಸೊಂಟ.

ಅಮ್ಮ ಮಾತ್ರ ಈ ಪ್ರಶ್ನೆ ಯಾವತ್ತೂ ಕೇಳಿಲ್ಲ. ಅವಳು ತೀರ್ಥಹಳ್ಳಿ ಕಡೆಯವಳು. ಯಕ್ಷಗಾನ ಮೇಳ ಊರಿಗೆ ಬಂದರೆ ಬೆಳಗಿನ ತನಕ ಆಟ ನೋಡಿ, ಬಂದವಳೇ ಕೊಟ್ಟಿಗೆ ಕೆಲಸಕ್ಕೆ ಕೈಹಾಕುತ್ತಿದ್ದಳಂತೆ. ಗದಾಯುದ್ಧ ಎಷ್ಟು ಸಲ ನೋಡಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಕೌರವನ ತೊಡೆ ಮುರಿಯುತ್ತದೆಂದು ತಿಳಿಯದವರು ಆ ಬಯಲಲ್ಲಿ ಒಬ್ಬರೂ ಇದ್ದಿರಲಾರರು. ಅವರು ಬಂದದ್ದು ಇವತ್ತಿನ ಕೌರವ ನೀರಿನಿಂದ ಎದ್ದು ಬರುವಾಗ ಹೇಗೆ ಬರುತ್ತಾನೆ ಎಂದು ನೋಡಲು. ಆಟದಲ್ಲಿ ಪ್ರತಿ ರಾತ್ರಿ ಅರ್ಥಗಾರಿಕೆ, ಅಂದರೆ ವೇಷಧಾರಿ ಆಗಲೇ ಕಟ್ಟಿ ಆಡುವ ಮಾತು, ಬದಲಾಗುತ್ತದೆ, ಸಿನಿಮಾದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ, ಅದು ನಿಜ. ಬದಲಾಗದೆ ಕಾದು ನಿಂತಿರುವುದರಿಂದಲೇ ಕಳೆದ ಸಲ ಕಣ್ಣು ನಿಂತ ಜಾಗ ಬಿಟ್ಟು ಈ ಸಲ ಅದರ ಪಕ್ಕ ನೋಡಬಹುದು.

ನನ್ನ ಸಾಲಿನಲ್ಲಿ ಅತಿ ಹೆಚ್ಚು ಸಲ ಹೊರಗೆ ಬಂದ ಡಿಸ್ಕ್ 2004ರ 'ಸ್ಪೈಡರ್‌ಮ್ಯಾನ್ 2'. ಸ್ಯಾಮ್ ರೇಮಿಯ ಸಿನಿಮಾ. ಸೂಪರ್‌ಹೀರೊ ಸಿನಿಮಾ ಇದಕ್ಕಿಂತ ಚೆನ್ನಾಗಿ ಬಂದಿಲ್ಲ ಎಂದು ನಾನು ಯಾರ ಎದುರಿಗೂ ಹೇಳಬಲ್ಲೆ. ಬಾಡಿಗೆ ಕಟ್ಟಲಾಗದ, ಕ್ಲಾಸಿಗೆ ತಡವಾಗಿ ಹೋಗುವ, ಪಿಜ್ಜಾ ಕೊಡುವ ಕೆಲಸವನ್ನೂ ಕಳೆದುಕೊಳ್ಳುವ ಹುಡುಗ ಪೀಟರ್ ಅದರ ನಾಯಕ, ಮುಖವಾಡ ಹಾಕಿದರೆ ಸ್ಪೈಡರ್‌ಮ್ಯಾನ್. ಖಳ ಡಾಕ್ ಓಕ್‌ನ ಬೆನ್ನಿನ ನಾಲ್ಕು ಲೋಹದ ತೋಳುಗಳಿಗೆ, ಆ ಪಾತ್ರ ಮಾಡಿದ ಆಲ್ಫ್ರೆಡ್ ಮೊಲಿನಾ ಹೆಸರಿಟ್ಟಿದ್ದರು: ಹ್ಯಾರಿ, ಲ್ಯಾರಿ, ಮೋ, ಫ್ಲೋ. ಎಷ್ಟೋ ಶಾಟ್‌ಗಳಲ್ಲಿ ಅವು ಕಂಪ್ಯೂಟರಿನ ತೋಳುಗಳಲ್ಲ. ಗೊಂಬೆಯಾಡಿಸುವವರು ಮೊಲಿನಾ ಸುತ್ತ ನಿಂತು ನಿಜವಾಗಿ ಆಡಿಸಿದವು. ಅದನ್ನು ತಿಳಿದು ನೋಡಿದರೆ, ತೋಳೊಂದು ಅವನ ಮುಖದ ಹತ್ತಿರ ಬಂದು ಕತ್ತು ಓರೆ ಮಾಡಿ ನೋಡುವಾಗ ಅದಕ್ಕೆ ಕುತೂಹಲವಿದೆ ಎಂದು ಅನಿಸುವುದು ಏಕೆಂದು ಅರ್ಥವಾಗುತ್ತದೆ. ಆಸ್ಪತ್ರೆಯಲ್ಲಿ ಆ ತೋಳುಗಳು ಎಚ್ಚೆತ್ತು ವೈದ್ಯರ ಮೇಲೆ ಬೀಳುವ ದೃಶ್ಯಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಕಿರುಚಾಟ, ಲೋಹದ ಸದ್ದು, ಆಮೇಲೆ ಮೌನ. ಇದು ನನ್ನ ಕಿವಿಗೆ ಬೀಳಲು ನಾಲ್ಕು ಸಲ ನೋಡಬೇಕಾಯಿತು. ಹೆದರಿಕೆಯಲ್ಲಿ ಕೂತವನಿಗೆ ಸಂಗೀತ ಇಲ್ಲದ್ದು ಎಲ್ಲಿ ಗೊತ್ತಾಗುತ್ತದೆ?

ಇನ್ನು ರೈಲು. ಓಡುವ ರೈಲನ್ನು ಪೀಟರ್ ಮೈಯಾರೆ ತಡೆದು ನಿಲ್ಲಿಸುವ ದೃಶ್ಯ. ಅದರ ಎಷ್ಟೋ ಶಾಟ್‌ಗಳನ್ನು ತೆಗೆದದ್ದು ಶಿಕಾಗೊದ ಎತ್ತರದ ರೈಲುಹಳಿಯಲ್ಲಿ, ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ. ಇರಲಿ. ರೈಲು ನಿಂತ ಮೇಲೆ ಪ್ರಜ್ಞೆ ತಪ್ಪಿದ ಅವನನ್ನು ಪ್ರಯಾಣಿಕರು ಬೀಳದಂತೆ ಹಿಡಿದು, ತಲೆಯ ಮೇಲಿನಿಂದ ಕೈಯಿಂದ ಕೈಗೆ ಸಾಗಿಸಿ ಒಳಗೆ ಮಲಗಿಸುತ್ತಾರೆ. ಮುಖವಾಡ ಇಲ್ಲ. ಇವನು ಇನ್ನೂ ಹುಡುಗ ಎಂದು ಒಬ್ಬರು ಹೇಳುತ್ತಾರೆ. ಇಬ್ಬರು ಪುಟ್ಟ ಹುಡುಗರು ಮುಖವಾಡ ತಂದು ಕೊಡುತ್ತಾರೆ, ಯಾರಿಗೂ ಹೇಳುವುದಿಲ್ಲ ಎನ್ನುತ್ತಾರೆ. ಅಮ್ಮ ಅಕ್ಕಿ ಆರಿಸುತ್ತಾ ಈ ದೃಶ್ಯವನ್ನು ನನ್ನ ಜೊತೆ ನೋಡಿದಳು. ಇಂಗ್ಲಿಷ್ ಅವಳಿಗೆ ಬಾರದು. ಮೊರ ಬದಿಗಿಟ್ಟು ಕೇಳಿದಳು: "ಅಷ್ಟು ಜನ ಅವನ ಮುಖ ನೋಡಿದ್ರಲ್ಲ. ಒಬ್ಬರೂ ಬಾಯಿ ಬಿಡಲ್ವಾ?"

ಬಿಡುವುದಿಲ್ಲ ಎಂದೆ. ಸಿನಿಮಾದ ಕೊನೆಯವರೆಗೂ ಬಿಡುವುದಿಲ್ಲ. ನಾನು ಅಷ್ಟು ಸಲ ನೋಡಿದ್ದರೂ ಆ ಜನ ಆಮೇಲೆ ಮನೆಗೆ ಹೋಗಿ ಏನು ಮಾಡಿರಬಹುದು ಎಂದು ಯೋಚಿಸಿರಲಿಲ್ಲ. ಹೆಂಡತಿಗೂ ಹೇಳದೆ ಊಟಕ್ಕೆ ಕೂತಿರಬಹುದಾದ ಆ ಮಧ್ಯವಯಸ್ಸಿನವರನ್ನು ಈಗ ಪ್ರತಿ ಸಲವೂ ಹುಡುಕಿ ನೋಡುತ್ತೇನೆ, ಒಂದೊಂದು ಮುಖವನ್ನೂ.

ಸರಿ, ಮತ್ತೆ ನೋಡುವುದಕ್ಕೆ ಡಿಸ್ಕೇ ಏಕೆ?

ಕೆಲವು ವರ್ಷಗಳ ಹಿಂದೆ ಒಂದು ಆ್ಯಪ್‌ನಲ್ಲಿ ದುಡ್ಡು ಕೊಟ್ಟು 'ಕೊಂಡ' ಸಿನಿಮಾ ಒಂದು ದಿನ ನನ್ನ ಪಟ್ಟಿಯಲ್ಲೇ ಇರಲಿಲ್ಲ. ವಿಚಾರಿಸಿದರೆ ಹಕ್ಕಿನ ಅವಧಿ ಮುಗಿಯಿತೆಂಬ ಎರಡು ಸಾಲಿನ ಉತ್ತರ ಬಂತು. ಬಾಡಿಗೆಗೆ ಕೊಟ್ಟದ್ದನ್ನು ಮಾರಿದ್ದೇವೆ ಎಂದು ಹೇಳಿದ್ದು ನನಗೆ ಇನ್ನೂ ನೋವು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಒಂದೇ ಹೆಸರಿನಲ್ಲಿ ಒಂದೇ ಸಿನಿಮಾ ಇರುವುದಿಲ್ಲ. 'ಸೂಪರ್‌ಮ್ಯಾನ್' ಮತ್ತು ಅದರ ಎರಡನೆಯ ಭಾಗವನ್ನು ಡಾನರ್ ಒಟ್ಟಿಗೇ ಚಿತ್ರಿಸುತ್ತಿದ್ದರು. ಎರಡನೆಯದರ ಬಹುಪಾಲು ಮುಗಿದಿದ್ದಾಗ ನಿರ್ಮಾಪಕರ ಜೊತೆ ಮನಸ್ತಾಪವಾಗಿ ಕೆಲಸ ರಿಚರ್ಡ್ ಲೆಸ್ಟರ್ ಕೈಗೆ ಹೋಯಿತು. ಲೆಸ್ಟರ್ ಸಾಕಷ್ಟನ್ನು ಮತ್ತೆ ಚಿತ್ರಿಸಿದರು, ತಂದೆಯ ಪಾತ್ರದ ಮಾರ್ಲನ್ ಬ್ರ್ಯಾಂಡೊ ಕಾಣೆಯಾದರು. 2006ರಲ್ಲಿ ಡಾನರ್ ಚಿತ್ರಿಸಿದ್ದನ್ನು ಜೋಡಿಸಿದ ಆವೃತ್ತಿ ಡಿವಿಡಿಯಲ್ಲಿ ಬಂತು. ಅದರಲ್ಲಿ ಒಂದು ಮುಖ್ಯ ದೃಶ್ಯವನ್ನು ಡಾನರ್ ತೆಗೆದೇ ಇರಲಿಲ್ಲವಾದ್ದರಿಂದ, ನಟರ ಆಯ್ಕೆಗಾಗಿ ಮಾಡಿದ ಪರೀಕ್ಷಾ ಚಿತ್ರೀಕರಣವನ್ನೇ ಸೇರಿಸಿದರು. ಲೋಯಿಸ್ ಕ್ಲಾರ್ಕ್‌ಗೆ ಖಾಲಿ ಗುಂಡು ಹಾರಿಸಿ ಅವನ ಬಾಯಿಂದ ಸತ್ಯ ಹೊರಡಿಸುವ ದೃಶ್ಯ ಅದು. ರೀವ್ ಅಲ್ಲಿ ಇನ್ನೂ ಪಾತ್ರಕ್ಕೆ ಬೇಕಾದ ಮೈ ಕಟ್ಟಿಕೊಂಡಿಲ್ಲ, ಕೂದಲೂ ಬೇರೆ. ತೆಳ್ಳಗಿನ ಹುಡುಗನೊಬ್ಬ ಆ ಪಾತ್ರ ತನಗೆ ಸಿಗಲಿ ಎಂದು ಜೀವ ಒತ್ತೆಯಿಟ್ಟು ನಟಿಸುತ್ತಿದ್ದಾನೆ. ನನ್ನ ಬಳಿ ಎರಡೂ ಆವೃತ್ತಿ ಇವೆ. ಇವತ್ತು ಯಾವುದನ್ನು ನೋಡುತ್ತಿದ್ದೇನೆ ಎಂದು ನನಗೆ ಗೊತ್ತಿರುತ್ತದೆ.

ಇದು ಹಳೆಯ ಕಾಲದ ಮಾತಲ್ಲ. 2023ರ ಅನಿಮೇಷನ್ ಸಿನಿಮಾ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಚಿತ್ರಮಂದಿರಗಳಲ್ಲೇ ಒಂದಕ್ಕಿಂತ ಹೆಚ್ಚು ರೂಪದಲ್ಲಿ ಓಡಿತು, ಕೆಲವು ಮಾತುಗಳೂ ಶಾಟ್‌ಗಳೂ ಬೇರೆಯಾಗಿ. ಅದಕ್ಕಿಂತ ಮೊದಲು, 2018ರಲ್ಲಿ ಬಂದ ಸ್ಪೈಡರ್‌ವರ್ಸ್ ಸಿನಿಮಾವನ್ನು ಡಿಸ್ಕ್‌ನಲ್ಲಿ ಒಂದೊಂದೇ ಬಿಡಿ ಚಿತ್ರವಾಗಿ (ಫ್ರೇಮ್) ಮುಂದೆ ಸರಿಸಿ ನೋಡಬೇಕು. ಕಾಡಿನಲ್ಲಿ ಪೀಟರ್ ಮತ್ತು ಹೊಸ ಸ್ಪೈಡರ್‌ಮ್ಯಾನ್ ಆಗಲಿರುವ ಹುಡುಗ ಮೈಲ್ಸ್ ಓಡುವ ದೃಶ್ಯಕ್ಕೆ ಬಂದು ರಿಮೋಟ್‌ನ ಗುಂಡಿ ಒತ್ತುತ್ತಾ ಹೋಗಿ. ಪೀಟರ್ ಪ್ರತಿ ಚಿತ್ರಕ್ಕೂ ಕದಲುತ್ತಾನೆ, ಸೆಕೆಂಡಿಗೆ 24. ಹೊಸದಾಗಿ ಕಲಿಯುತ್ತಿರುವ ಮೈಲ್ಸ್ ಎರಡು ಚಿತ್ರಕ್ಕೊಮ್ಮೆ ಮಾತ್ರ ಕದಲುತ್ತಾನೆ, ಸೆಕೆಂಡಿಗೆ 12. ಇಬ್ಬರೂ ಒಂದೇ ಪರದೆಯಲ್ಲಿ! ಅವನ ಎಡವಟ್ಟು ಹೆಜ್ಜೆಯನ್ನು ಕಥೆಯಲ್ಲಿ ಹೇಳುವ ಬದಲು ಲೆಕ್ಕದಲ್ಲೇ ಕೂರಿಸಿದ್ದಾರೆ. ದೂರದ ವಸ್ತುಗಳು ಮಸುಕಾಗುವ ಕಡೆ ಬಣ್ಣಗಳು ಗೆರೆಯಿಂದ ಪಕ್ಕಕ್ಕೆ ಸರಿದಿರುತ್ತವೆ, ನಮ್ಮ ಹಳೆಯ ವಾರಪತ್ರಿಕೆಗಳಲ್ಲಿ ತುಟಿಯ ಕೆಂಪು ಕೆನ್ನೆಗೆ ಜಾರಿರುತ್ತಿತ್ತಲ್ಲ, ಹಾಗೆಯೇ. ಅಕ್ಕನ ಮಗನಿಗೆ ಇದನ್ನು ತೋರಿಸಿದಾಗ ರಿಮೋಟ್ ಕಿತ್ತುಕೊಂಡು ಮುಕ್ಕಾಲು ಗಂಟೆ ತಾನೇ ಒತ್ತಿದ.

ಚಿತ್ರದ ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಪದರದ ಬ್ಲೂ-ರೇಯಲ್ಲಿ 50 ಜಿಬಿ ಹಿಡಿಯುತ್ತದೆ. ಫೋನಿಗೋ ಟಿವಿಗೋ ಹರಿದು ಬರುವ ಎಚ್‌ಡಿ ಸಿನಿಮಾ ಅದರ ಸಣ್ಣದೊಂದು ಪಾಲು. ರಾತ್ರಿಯ ಆಕಾಶ ಬಂದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕಷ್ಟ ಇರುವುದು ಕಾಪಾಡುವುದರಲ್ಲಿ. ನಮ್ಮ ಮನೆ ಶಿವಮೊಗ್ಗದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಲ್ಟಿಗೆ, ಪುಸ್ತಕದ ಬೆನ್ನಿಗೆ, ಡಿಸ್ಕ್ ಡಬ್ಬಿಯ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಬೀಸಾಡದೆ ಬೀರುವಿನಲ್ಲಿ ಇಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಪೂರ್ತಿ ಒರೆಸುವ ಕೆಲಸ. ಒರೆಸುವುದಕ್ಕೂ ಕ್ರಮವಿದೆ: ಮಧ್ಯದ ತೂತಿನಿಂದ ಅಂಚಿನ ಕಡೆಗೆ ನೇರವಾಗಿ, ಸುತ್ತು ಹಾಕಿ ಎಂದಿಗೂ ಅಲ್ಲ. ಡಿಸ್ಕ್‌ನಲ್ಲಿ ಮಾಹಿತಿ ಸುರುಳಿಯಾಗಿ ಕೂತಿರುತ್ತದೆ. ಸುತ್ತು ಹಾಕಿ ಒರೆಸುವಾಗ ಗೀರು ಬಿದ್ದರೆ ಆ ಸುರುಳಿಯ ಉದ್ದಕ್ಕೂ ಒಂದಿಡೀ ತುಂಡು ಹೋಗುತ್ತದೆ. ಅಡ್ಡವಾಗಿ ಬಿದ್ದರೆ ಪ್ರತಿ ಸುತ್ತಿನಲ್ಲಿ ಚೂರು ಚೂರು ಹೋಗುತ್ತದೆ, ಅಷ್ಟನ್ನು ಪ್ಲೇಯರ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಡಿವಿಡಿಯಲ್ಲಿ ಮಾಹಿತಿ ಇರುವುದು 0.6 ಮಿಲಿಮೀಟರ್ ಆಳದಲ್ಲಿ, ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್ ಕೆಳಗೆ. ಅದಕ್ಕೇ ಅದರ ಮೇಲೆ ಗಟ್ಟಿ ಲೇಪನ ಕೊಟ್ಟಿರುತ್ತಾರೆ.

ಎಲ್ಲವನ್ನೂ ಇಟ್ಟುಕೊಂಡಿಲ್ಲ. ಕಳೆದ ಹತ್ತು ವರ್ಷಗಳಲ್ಲಿ ಕೊಂಡ ಎಷ್ಟನ್ನೋ ಕೊಟ್ಟುಬಿಟ್ಟೆ. ಎರಡನೆಯ ಸಲ ನೋಡಿದಾಗ ಹೊಸದೇನೂ ಕಾಣದ, ಮುಂದಿನ ಸಿನಿಮಾದ ಜಾಹೀರಾತಿನಂತಿರುವ ಚಿತ್ರಗಳವು. ನಟ ಎಲ್ಲಿ ನಿಂತಿದ್ದಾನೆ, ನೆಲ ಯಾವುದು ಎಂದೇ ತಿಳಿಯದ ಬೂದು ಬಣ್ಣದ ಹೊಡೆದಾಟಗಳನ್ನು ಮತ್ತೆ ನೋಡಲು ನನ್ನಿಂದಾಗದು.

ಒಂದು ಮಾತ್ರ ಬೇಕೆಂದರೂ ಸಿಕ್ಕಿಲ್ಲ. 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಇತ್ತು. 2004ರಲ್ಲಿ ಕನ್ನಡದ ಸ್ಪೈಡರ್‌ಮ್ಯಾನ್ ಎಂದರೆ ಯಾರೂ ನಂಬುತ್ತಿರಲಿಲ್ಲ. ಬೇರೆ ಭಾಷೆಯ ಸಿನಿಮಾವನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡುವುದನ್ನು ಇಲ್ಲಿನ ಚಿತ್ರರಂಗ ಎಷ್ಟೋ ವರ್ಷ ಹೊರಗೇ ನಿಲ್ಲಿಸಿತ್ತು. ಬೆಂಗಳೂರಿಗೆ ಅಕ್ಕನ ಮನೆಗೆ ಹೋಗಿದ್ದಾಗ ಅಮ್ಮನನ್ನೂ ಕರೆದುಕೊಂಡು ಹೋಗಿ ಕನ್ನಡದಲ್ಲೇ ನೋಡಿದೆವು. ಕತ್ತಲಲ್ಲಿ ನನ್ನ ತೋಳು ಹಿಡಿದು ಕೇಳಿದಳು: "ಇವನು ಆ ರೈಲಿನ ಹುಡುಗನ ಪೈಕಿಯವನಾ?" ಹೌದೆಂದೆ. ಆಮೇಲೆ ಪೂರ್ತಿ ಸಿನಿಮಾ, ಪ್ರತಿ ಮಾತಿಗೂ ತಲೆಯಾಡಿಸುತ್ತಾ ನೋಡಿದಳು.

ಡಿಸ್ಕ್ ತರಿಸಿದೆ. ನನಗೆ ಬಂದದ್ದರಲ್ಲಿ ಕನ್ನಡ ಇಲ್ಲ. ಕನ್ನಡದ ಧ್ವನಿ ಇರುವ ಡಿಸ್ಕ್ ಯಾರಾದರೂ ಮಾರಿದರೆ ಮೊದಲ ದಿನವೇ ಕೊಳ್ಳುತ್ತೇನೆ. ಕಳೆದ ವಾರ ಇರುವ ಡಿಸ್ಕನ್ನೇ ಹಾಕಿಕೊಂಡು ಕೂತಿದ್ದೆ. ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಅವತ್ತು ಕನ್ನಡದಲ್ಲಿ ಮಾತಾಡಿದ್ನಲ್ಲ. ಇವತ್ತೇನಾಯ್ತು ಅವನಿಗೆ?"