ಮಡಚಿಕೊಂಡ ಎರಡು ಬೆರಳು

ರಾತ್ರಿ ಪಾತ್ರೆ ತೊಳೆದಿಟ್ಟು, ಪಿಯಾನೋ ವಾದಕ ಲಿಯಾನ್ ಫ್ಲೈಶರ್ ನುಡಿಸಿದ, ಶೂಬರ್ಟ್ ರಚಿಸಿದ ಕೊನೆಯ ಪಿಯಾನೋ ಸೊನಾಟಾ (ಹಲವು ಭಾಗಗಳ ದೀರ್ಘ ರಚನೆ) ಹಾಕಿಕೊಂಡು ಕುಳಿತೆ. ನಿದ್ದೆ ಹಾರಿಹೋಯಿತು.

ಫ್ಲೈಶರ್ ಸ್ಯಾನ್ ಫ್ರಾನ್ಸಿಸ್ಕೋದ ಹುಡುಗ. ಹದಿನಾರಕ್ಕೇ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಕಛೇರಿ, 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಸಂಗೀತ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಮೂವತ್ತಾರು ವಯಸ್ಸಿನ ಹೊತ್ತಿಗೆ ಬಲಗೈಯ ಉಂಗುರ ಬೆರಳೂ ಕಿರುಬೆರಳೂ ತಾವಾಗಿಯೇ ಅಂಗೈಯೊಳಕ್ಕೆ ಮಡಚಿಕೊಳ್ಳತೊಡಗಿದವು. ಆ ಕಾಯಿಲೆಗೆ ಡಿಸ್ಟೋನಿಯಾ (ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುವ ತೊಂದರೆ) ಎಂಬ ಹೆಸರು ಸಿಕ್ಕಿದ್ದೇ ಎಷ್ಟೋ ವರ್ಷಗಳ ಮೇಲೆ. ಅಷ್ಟು ಕಾಲ ಅವರು ಹೇಗೆ ತಡೆದುಕೊಂಡರೋ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪಿಯಾನೋ ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೋ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್‌ಗಾಗಿ ಫ್ರೆಂಚ್ ಸಂಗೀತ ರಚನಕಾರ ರಾವೆಲ್ ಎಡಗೈಗೆಂದೇ ರಚಿಸಿದ ಕನ್ಚೆರ್ಟೊವನ್ನು (ವಾದ್ಯವೃಂದದ ಜೊತೆ ಒಬ್ಬ ವಾದಕ ನುಡಿಸುವ ರಚನೆ) ಊರೂರಲ್ಲಿ ನುಡಿಸಿದರು. ವಾದ್ಯವೃಂದ ನಡೆಸಿದರು, ಬಾಲ್ಟಿಮೋರ್‌ನ ಪೀಬಡಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು. ಕೊನೆಗೆ ಬೊಟಾಕ್ಸ್ ಚುಚ್ಚುಮದ್ದು (ಮುಖದ ಸುಕ್ಕಿಗೆ ಹಾಕುತ್ತಾರಲ್ಲ, ಅದೇ) ಆ ಬೆರಳುಗಳ ಬಿಗಿಯನ್ನು ಸಡಿಲಿಸಿತು. 2004ರಲ್ಲಿ ಎರಡೂ ಕೈಯಲ್ಲಿ ನುಡಿಸಿದ ಆಲ್ಬಮ್ ಬಂತು. ನಾನು ಕೇಳಿದ್ದು ಅದನ್ನೇ.

ಮೊದಲ ಸಾಲು ಮುಗಿಯುತ್ತಲೇ ಎಡಗೈ ತೀರಾ ತಗ್ಗಿನ ಸ್ವರವೊಂದನ್ನು ಮೆಲ್ಲನೆ ನಡುಗಿಸುತ್ತದೆ. ಆಮೇಲೆ ಮೌನ. ಬಳಿಕ ಬಲಗೈ ಮತ್ತೆ ಅದೇ ಹಾಡನ್ನು ಎತ್ತಿಕೊಳ್ಳುತ್ತದೆ. ಅಷ್ಟು ಜಾಗವನ್ನು ಮೂರು ಸಲ ಹಿಂದಕ್ಕೆ ತಂದು ಕೇಳಿದೆ.