ವಾರ್ಟನ್ ಕೌಂಟಿಯಲ್ಲಿ ಕೃಷ್ಣಾ ತೀರದ ರಕ್ತ

ಮಗಳ ಮನೆಗೆಂದು ಟೆಕ್ಸಸ್‌ಗೆ ಹೋದವನು ಬಾಹ್ಯಾಕಾಶ ಕೇಂದ್ರ ನೋಡಿದೆ, ಗ್ಯಾಲ್ವೆಸ್ಟನ್ ಕಡಲತೀರ ನೋಡಿದೆ. ಎರಡರ ಬಗ್ಗೆಯೂ ಬರೆಯುವಂಥದ್ದೇನಿಲ್ಲ. ಬರೆಯಬೇಕೆನಿಸಿದ್ದು ಹ್ಯೂಸ್ಟನ್ನಿನ ನೈಋತ್ಯಕ್ಕಿರುವ ವಾರ್ಟನ್ ಕೌಂಟಿಯ, ದನ ಸಾಕುವ ಒಂದು ರ‍್ಯಾಂಚ್ ಬಗ್ಗೆ. ಬೇಲಿಯಾಚೆ ನಿಂತಿದ್ದ ಬೂದುಬಣ್ಣದ ಹೋರಿ ತಲೆಯೆತ್ತಿದಾಗ ಜಮಖಂಡಿಯ ದನದ ಸಂತೆಯಲ್ಲೇ ನಿಂತಂತಾಯಿತು. ಅದೇ ಹಿಣಿಲು, ಅದೇ ಜೋಲುವ ಗಂಗೆದೊಗಲು.

ಅಲ್ಲಿಗೆ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಗೇಟಿನಲ್ಲೇ ತಡೆದರು. ಭಾರತದಿಂದ ಬಂದವರು ಐದು ದಿನ ಕಳೆಯದೆ ದನಗಳ ಬಳಿ ಸುಳಿಯುವಂತಿಲ್ಲ. ನಮ್ಮಲ್ಲಿ ಕಾಲುಬಾಯಿ ಜ್ವರ ಇನ್ನೂ ಇದೆ. ಅಮೆರಿಕದಲ್ಲಿ ಅದು ಕೊನೆಯ ಬಾರಿ ಕಾಣಿಸಿದ್ದು 1929ರಲ್ಲಿ. ನಿಯಮ ಸರಿಯೇ. ಆದರೆ ಭೇಟಿ ಗೊತ್ತುಪಡಿಸಿದ ಏಜೆಂಟ್ ಮೊದಲೇ ಒಂದು ಮಾತು ಹೇಳಬಹುದಿತ್ತು. ಅಳಿಯನ ರಜೆ ಹಾಳಾಯಿತು, ಕಟ್ಟಿದ ಹಣವೂ ವಾಪಸಾಗಲಿಲ್ಲ. ನೀವು ಹೋಗುವುದಾದರೆ ದಿನಗಳನ್ನು ಎಣಿಸಿಕೊಂಡು ಹೋಗಿ. ಊರಿನ ಹೊಲದಲ್ಲಿ ಮೆಟ್ಟಿದ ಚಪ್ಪಲಿಯನ್ನಂತೂ ಪೆಟ್ಟಿಗೆಗೆ ಹಾಕಲೇಬೇಡಿ.

ಆ ಹೋರಿ ಬ್ರಾಹ್ಮನ್ ಎಂಬ ಮಾಂಸದ ತಳಿಯದು. ಗೀರ್, ಕಾಂಕ್ರೇಜ್, ಓಂಗೋಲ್ ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. 1854ರಿಂದ 1926ರವರೆಗೆ ಅಮೆರಿಕಕ್ಕೆ ಹೋದವೆಂದು ದಾಖಲಾಗಿರುವುದು 266 ಹೋರಿಗಳು, 22 ಹಸುಗಳು ಅಷ್ಟೇ. ಇದೇ ಕೌಂಟಿಯ ಪಿಯರ್ಸ್ ರ‍್ಯಾಂಚಿನ ಬೋರ್ಡನ್ 1906ರಲ್ಲಿ ಕೆಲವನ್ನು ತರಿಸಿದ್ದರು. ನಮ್ಮ ತಳಿಯ ಹಸುಗಳು ಸಾಲದ್ದರಿಂದ ಅಲ್ಲಿಯ ಹಸುಗಳಿಗೇ ಈ ಹೋರಿ ಬಿಟ್ಟರು, ಹುಟ್ಟಿದ ಹೆಣ್ಣುಕರುವಿಗೂ ಮುಂದೆ ಅಂಥದೇ ಹೋರಿ. ಐದನೆಯ ತಲೆಮಾರಿಗೆ 32ರಲ್ಲಿ 31 ಪಾಲು ನಮ್ಮ ತಳಿಗಳ ರಕ್ತ ಕೂಡಿತು. ಎರೆಭೂಮಿ ಉಳಲೆಂದು ನಮ್ಮಲ್ಲಿ ಬೆಳೆಸಿದ ಕೃಷ್ಣಾ ಕಣಿವೆ ತಳಿಯನ್ನು ಈಗ ನಮ್ಮೂರಲ್ಲೇ ಹುಡುಕಬೇಕು.

ರ‍್ಯಾಂಚಿನ ಯಜಮಾನರು ಎಪ್ಪತ್ತು ದಾಟಿದವರು. ಪಿಕಪ್ ಗಾಡಿಯ ಸೈರನ್ ಒತ್ತಿದರೆ ಸಾಕು, ಹಿಂಡಿಗೆ ಹಿಂಡೇ ಓಡಿ ಬಂತು. ಹತ್ತಿಕಾಳು ಹಿಂಡಿಯ ಹೆಬ್ಬೆರಳು ಗಾತ್ರದ ಉಂಡೆಗಳನ್ನು ನೆಲಕ್ಕೆ ಸುರಿದರು. ನಮ್ಮ ಮನೆಯಲ್ಲಿ ಹಿಂಡಿ ಏನಿದ್ದರೂ ಕರೆಯುವ ಹಸುವಿಗೆ ಎಂದೆ. "ಇದು ಹಸುವಿಗಲ್ಲ, ಅದರ ಹೊಟ್ಟೆಯೊಳಗಿನ ಜೀವಾಣುಗಳಿಗೆ" ಎಂದರು. ಒಣಹುಲ್ಲಿನಲ್ಲಿ ಪ್ರೋಟೀನು ಶೇ. 7ಕ್ಕಿಂತ ಕೆಳಗಿಳಿದರೆ ಅವು ಸೊರಗುತ್ತವೆ; ಆಗ ಎದುರಿಗೆ ಬಣವೆಯಿದ್ದರೂ ಹಸು ಅದನ್ನು ಸರಿಯಾಗಿ ಅರಗಿಸಿಕೊಳ್ಳಲಾರದು. ಸ್ವಲ್ಪ ಹಿಂಡಿ ಬಿದ್ದರೆ ಅದೇ ಹುಲ್ಲನ್ನು ಹೆಚ್ಚು ತಿನ್ನುತ್ತದೆ.

ಒಂದು ಗಬ್ಬದ ಹಸುವಿನ ಪಕ್ಕೆ ತೋರಿಸಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರು. ಮೈ ತುಂಬಿರುವುದಕ್ಕೆ ಅಲ್ಲಿ 1ರಿಂದ 9ರವರೆಗೆ ಅಂಕ. ಈಯುವ ಹೊತ್ತಿಗೆ 5 ಇರಬೇಕು. ಎಲುಬು ಎಣಿಸುವಂತಿದ್ದರೆ ಈದ ಮೇಲೆ ಬೆದೆಗೆ ಬರುವುದು ತಡ. ಈ ತಳಿ ಕರುವನ್ನು ಹೊರುವುದೇ ಸುಮಾರು 290 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ 75 ದಿನಗಳೊಳಗೆ ಮತ್ತೆ ಗಬ್ಬವಾಗಬೇಕು. ಪರೀಕ್ಷೆಯಲ್ಲಿ ಗೊಡ್ಡೆಂದು ಕಂಡದ್ದು ನೇರ ಹರಾಜಿಗೆ. ಅವರ ಅಚ್ಚುಕಟ್ಟನ್ನು ಮೆಚ್ಚಿದೆ. ಇವೆಲ್ಲ ಕಡೆಗೆ ಸೇರುವುದು ಕಸಾಯಿಖಾನೆಗೆ ಎಂಬುದು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಎಳೆ ಹೋರಿಗಳ ಕೊಟ್ಟಿಗೆಯಲ್ಲಿ ನನ್ನ ಕಣ್ಣು ತಾನಾಗಿಯೇ, ನಮ್ಮಲ್ಲಿ ಹೋರಿ ಆರಿಸುವಾಗ ನೋಡುವ ಕೂದಲ ಸುಳಿ ಹುಡುಕಿತು. ಒಂದರ ಹಣೆಯ ಸುಳಿ ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ಕಡೆಯಾಗಿದ್ದರೆ ಅದರ ಮುಂದೆ ಜನ ಮುಗಿಬೀಳುತ್ತಿದ್ದರು. ಯಜಮಾನರು ನಕ್ಕು ಕಡತ ತೆರೆದರು. ಅವರು ಟೇಪು ಹಿಡಿದು ಅಳೆಯುವುದು ಹೋರಿಯ ಬೀಜದ ಸುತ್ತಳತೆಯನ್ನು. ಅದು ದೊಡ್ಡದಿದ್ದರೆ ಅದರ ಹೆಣ್ಣುಕರುಗಳೂ ಬೇಗ ಬೆದೆಗೆ ಬರುತ್ತವಂತೆ. ನಾನು ಮೆಚ್ಚಿದ್ದರ ಅಳತೆ ಸಾಲದು, ಮುಂದಿನ ವಾರ ಮಾರಾಟ ಎಂದರು. ಕರುಗಳ ಲೆಕ್ಕದಲ್ಲಿ ಅವರ ಮಾತು ಸರಿಯಿರಬಹುದು. ಆದರೂ ಹೋರಿ ಆರಿಸು ಎಂದು ಯಾರಾದರೂ ಹೇಳಿದರೆ ನಾನು ಆ ಕೊಟ್ಟಿಗೆಯಿಂದ ಹೊಡೆದುಕೊಂಡು ಬರುವುದು ಅದನ್ನೇ.